ಆಟೋಮ್ಯಾಟಿಕ್ ಫಿಲ್ಮ್ ಎಸ್‌ಎಲ್‌ಆರ್: ಕ್ಯಾಮೆರಾ ತಾನೇ ಮಾಡುವುದೇನು, ನಾವು ನೋಡಿಕೊಳ್ಳಬೇಕಾದ್ದೇನು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಎಷ್ಟೋ ಮನೆಗಳ ಬೀರುವಿನಲ್ಲಿ, ಹಳೆಯ ಸ್ಟುಡಿಯೋಗಳ ಅಟ್ಟದಲ್ಲಿ, 1990ರಿಂದ 2005ರ ನಡುವೆ ಕೊಂಡ ಫಿಲ್ಮ್ ಕ್ಯಾಮೆರಾಗಳು ಇನ್ನೂ ಇವೆ. ಒಂದು ಕಾಲಕ್ಕೆ ಮದುವೆ, ನಾಮಕರಣ, ಜಾತ್ರೆ ಎಲ್ಲವನ್ನೂ ತೆಗೆದವು. ಈಗ ಕಾಲೇಜು ಮಕ್ಕಳು ಅವುಗಳ ಧೂಳು ಒರೆಸುತ್ತಿದ್ದಾರೆ, ಸೆಕೆಂಡ್ ಹ್ಯಾಂಡ್ ಹುಡುಕಿ ಕೊಳ್ಳುವವರೂ ಇದ್ದಾರೆ. ತೊಂದರೆ ಏನೆಂದರೆ ರೋಲಿನ ಬೆಲೆ, ತೊಳೆಸಿ ಸ್ಕ್ಯಾನ್ ಮಾಡಿಸುವ ಖರ್ಚು ಎಲ್ಲ ಕೂಡಿಸಿದರೆ ಒಂದೊಂದು ಫೋಟೊಗೂ ಹತ್ತಾರು ರೂಪಾಯಿ ಬೀಳುತ್ತದೆ. ತೆಗೆದದ್ದು ಹೇಗೆ ಬಂತೆಂದು ಅಲ್ಲೇ ನೋಡಲು ಹಿಂದೆ ಪರದೆಯೂ ಇಲ್ಲ. ಹಾಗಾಗಿ ಮೊದಲ ರೋಲ್ ಹಾಕುವ ಮುಂಚೆ ಕ್ಯಾಮೆರಾ ಯಾವ ಲೆಕ್ಕದ ಮೇಲೆ ಕೆಲಸ ಮಾಡುತ್ತದೆ ಎಂದು ತಿಳಿದಿರುವುದು ಒಳ್ಳೆಯದು.

ಈ ಕ್ಯಾಮೆರಾ ಯಾವುದು?

ಎಸ್‌ಎಲ್‌ಆರ್ ಎಂದರೆ ಸಿಂಗಲ್ ಲೆನ್ಸ್ ರಿಫ್ಲೆಕ್ಸ್. ಲೆನ್ಸಿನಿಂದ ಒಳಬಂದ ಬೆಳಕು ಓರೆಯಾಗಿ ನಿಂತ ಕನ್ನಡಿಗೆ ತಾಗಿ ಮೇಲಕ್ಕೆ ಹೋಗುತ್ತದೆ, ಅಲ್ಲಿಂದ ನಮ್ಮ ಕಣ್ಣಿಗೆ ಬರುತ್ತದೆ. ಬಟನ್ ಒತ್ತಿದಾಗ ಕನ್ನಡಿ ಮೇಲೇಳುತ್ತದೆ, ಅದರ ಹಿಂದಿನ ಶಟರ್ ಪರದೆ ತೆರೆದು ಮುಚ್ಚುತ್ತದೆ, ಅಷ್ಟು ಹೊತ್ತು ಫಿಲ್ಮಿನ ಮೇಲೆ ಬೆಳಕು ಬೀಳುತ್ತದೆ. ಒಂದೊಂದು ಚೌಕಟ್ಟಿನ ಅಳತೆ 24 ಮಿ.ಮೀ. × 36 ಮಿ.ಮೀ.

ಆಟೋಮ್ಯಾಟಿಕ್ ಎನ್ನುವುದು ನಾಲ್ಕು ಕೆಲಸಗಳಿಗೆ: ಫಿಲ್ಮ್ ಸುತ್ತುವುದು, ಫಿಲ್ಮಿನ ವೇಗ ಓದುವುದು, ಬೆಳಕಿನ ಲೆಕ್ಕ ಹಾಕುವುದು, ಫೋಕಸ್ ಮಾಡುವುದು. ಆಟೋಫೋಕಸ್ ಮತ್ತು ಫಿಲ್ಮ್ ಸುತ್ತುವ ಮೋಟಾರು ಎರಡನ್ನೂ ಒಡಲೊಳಗೇ ಇಟ್ಟುಕೊಂಡು 1985ರಲ್ಲಿ ಬಂದ ಮಿನೋಲ್ಟಾ 7000 ಈ ಜಾತಿಗೆ ದಾರಿ ಹಾಕಿತು. 1987ರಲ್ಲಿ ಕ್ಯಾನನ್ ಇಒಎಸ್ 650 ಬಂತು. ನಮ್ಮಲ್ಲಿ ಈಗ ಕೈಗೆ ಸಿಗುವುದು ಹೆಚ್ಚಾಗಿ ಆಮೇಲಿನವು: 1999ರ ಕ್ಯಾನನ್ ಇಒಎಸ್ 300, 2000ದ ನಿಕಾನ್ ಎಫ್80, 2003ರ ನಿಕಾನ್ ಎಫ್75 ಮತ್ತು ಅವುಗಳ ಬಳಗ. 2006ರ ಜನವರಿಯಲ್ಲಿ ನಿಕಾನ್ ತನ್ನ ಬಹುತೇಕ ಫಿಲ್ಮ್ ಕ್ಯಾಮೆರಾಗಳನ್ನು ನಿಲ್ಲಿಸುವುದಾಗಿ ಹೇಳಿತು, ಕ್ಯಾನನ್ 2018ರಲ್ಲಿ ತನ್ನ ಕೊನೆಯ ಫಿಲ್ಮ್ ಎಸ್‌ಎಲ್‌ಆರ್ ಮಾರಾಟ ಮುಗಿಸಿತು. ಅಂದರೆ ಇವೆಲ್ಲ ಈಗ ಇಪ್ಪತ್ತು, ಮೂವತ್ತು ವರ್ಷ ಹಳೆಯವು.

ಫಿಲ್ಮ್ ಕಲಿಯಲು ಪೂರ್ತಿ ಮ್ಯಾನುಯಲ್ ಕ್ಯಾಮೆರಾವೇ ಬೇಕು ಎಂದು ಹೇಳುವವರಿದ್ದಾರೆ. ಹಾಗೇನಿಲ್ಲ. ಆಟೋಮ್ಯಾಟಿಕ್‌ಗೆ ಸಾಮಾನ್ಯವಾಗಿ ಬೆಲೆಯೂ ಕಡಿಮೆ, ಬೆಳಕು ಅಳೆಯುವ ಮೀಟರೂ ಚೆನ್ನಾಗಿರುತ್ತದೆ. ಅದು ಎಲ್ಲಿ ತಪ್ಪುತ್ತದೆ ಎಂದು ಗೊತ್ತಿದ್ದರಾಯಿತು.

ರೋಲ್ ಹಾಕುವ ಮೊದಲು ಪರೀಕ್ಷೆ

ಬ್ಯಾಟರಿ ಇಲ್ಲದೆ ಈ ಕ್ಯಾಮೆರಾ ಏನನ್ನೂ ಮಾಡುವುದಿಲ್ಲ, ಶಟರ್ ಕೂಡ ಬೀಳುವುದಿಲ್ಲ. ಇಒಎಸ್ 300 ಮತ್ತು ಎಫ್75ಕ್ಕೆ ಎರಡು ಸಿಆರ್2, ಎಫ್80ಕ್ಕೆ ಎರಡು ಸಿಆರ್123ಎ, ಇಒಎಸ್ 650ಕ್ಕೆ ಒಂದು 2ಸಿಆರ್5 ಬೇಕು. ಎಲ್ಲವೂ ಲಿಥಿಯಂ. ಊರಿನ ಎಲ್ಲ ಅಂಗಡಿಯಲ್ಲೂ ಸಿಗುವ ಮಾಲಲ್ಲ, ಆದ್ದರಿಂದ ಮೊದಲೇ ತರಿಸಿಟ್ಟುಕೊಳ್ಳಿ. ಅದೇ ಗಾತ್ರದ ರೀಚಾರ್ಜ್ ಆಗುವ ಬ್ಯಾಟರಿ ಹಾಕುವುದು ಬೇಡ. ಅವುಗಳಲ್ಲಿ ಕೆಲವು 3 ವೋಲ್ಟ್‌ಗಿಂತ ಹೆಚ್ಚು ಕೊಡುತ್ತವೆ, ಎರಡು ಸೇರಿದರೆ ಸರ್ಕ್ಯೂಟಿಗೆ ಪೆಟ್ಟು. ಒಳಗೆ ಹಳೆಯ ಬ್ಯಾಟರಿ ಸೋರಿ ಬಿಳಿ ಪುಡಿ ಕಟ್ಟಿದೆಯೇ ಎಂದೂ ನೋಡಿ.

ಆಮೇಲೆ ಹಿಂಬಾಗಿಲು ತೆರೆದು ಶಟರ್ ಪರದೆಯನ್ನು ದೀಪದ ಕೆಳಗೆ ನೋಡಬೇಕು. ಬೆರಳು ತಾಗಿಸಬಾರದು, ಆ ತಗಡು ಕಾಗದಕ್ಕಿಂತ ನಾಜೂಕು. 1980ರ ದಶಕದ ಕೊನೆಯ ಮತ್ತು 90ರ ಮೊದಲ ಕೆಲವು ಕ್ಯಾನನ್ ಇಒಎಸ್‌ಗಳಲ್ಲಿ ಶಟರ್ ಬಡಿದು ನಿಲ್ಲುವ ಜಾಗದ ಸ್ಪಂಜು ಕರಗಿ ಟಾರಿನಂತಾಗಿ ಪರದೆಗೆ ಅಂಟುತ್ತದೆ. ಕಪ್ಪು ಅಂಟು ಕಂಡರೆ ಶಟರ್ ಎಲ್ಲಾದರೂ ತಡವಾಗಿ ತೆರೆಯುತ್ತದೆ, ಫೋಟೊದ ಒಂದು ಭಾಗ ಕಪ್ಪಾಗಿ ಬರುತ್ತದೆ. ಅಂಥದ್ದನ್ನು ಕೊಳ್ಳದಿರುವುದೇ ಲೇಸು. ಪರದೆ ಶುದ್ಧವಾಗಿದ್ದರೆ ಲೆನ್ಸನ್ನು ಕಿಟಕಿಯ ಕಡೆ ತಿರುಗಿಸಿ, ಬಾಗಿಲು ತೆರೆದೇ ಇಟ್ಟು 1 ಸೆಕೆಂಡ್, 1/30, 1/500 ಎಂದು ಒಂದೊಂದೇ ವೇಗದಲ್ಲಿ ಒತ್ತಿ. ಚೌಕಟ್ಟಿನ ತುಂಬ ಬೆಳಕು ಕಾಣಬೇಕು.

ಲೆನ್ಸಿನ ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ನೋಡಿದರೆ ಬೂಷ್ಟು ಹಿಡಿದಿದೆಯೇ ಗೊತ್ತಾಗುತ್ತದೆ. ಜೇಡರ ಬಲೆಯಂಥ ಎಳೆಗಳಿದ್ದರೆ ಬೂಷ್ಟು. ನಾಲ್ಕು ಚುಕ್ಕಿ ಧೂಳಿದ್ದರೆ ಚಿಂತೆಯಿಲ್ಲ. ನಿಕಾನ್ ಎಫ್80ರಂಥವುಗಳ ಹಿಂಬಾಗಿಲಿನ ರಬ್ಬರು ಕೈಗೆ ಅಂಟುವಷ್ಟು ಮೆತ್ತಗಾಗಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದರೆ ಆ ಪದರ ಹೋಗುತ್ತದೆ, ಕೆಲಸಕ್ಕೇನೂ ಕುಂದಿಲ್ಲ. ತಾರೀಕು ಅಚ್ಚೊತ್ತುವ ಬಾಗಿಲಿದ್ದರೆ ಅದನ್ನು ಆಫ್ ಮಾಡಿಬಿಡಿ, ಕೆಲವು ಮಾದರಿಗಳ ಪಂಚಾಂಗ 2019ಕ್ಕೇ ಮುಗಿದಿದೆ.

ಯಾವ ರೋಲ್, ಹಾಕುವುದು ಹೇಗೆ

ರೋಲ್ ಮೇಲಿನ ಐಎಸ್‌ಒ ಸಂಖ್ಯೆ ಫಿಲ್ಮಿನ ವೇಗ, ಎಂದರೆ ಬೆಳಕಿಗೆ ಅದು ಎಷ್ಟು ಬೇಗ ಸ್ಪಂದಿಸುತ್ತದೆ ಎಂಬ ಅಳತೆ. 200ಕ್ಕೆ ಬೇಕಾದ ಬೆಳಕಿನ ಅರ್ಧ ಸಾಕು 400ಕ್ಕೆ. ಬಯಲುಸೀಮೆಯ ಬಿಸಿಲಿಗೆ ಕೊಡಕ್ ಗೋಲ್ಡ್ 200 ಅಥವಾ ಕಲರ್‌ಪ್ಲಸ್ 200 ಧಾರಾಳ. ಮೋಡದ ದಿನ, ದೇವಸ್ಥಾನದ ಪ್ರಾಕಾರ, ಸಂಜೆ ಎಲ್ಲವೂ ಸೇರಿದರೆ ಅಲ್ಟ್ರಾಮ್ಯಾಕ್ಸ್ 400. ಕಪ್ಪು ಬಿಳುಪಿಗೆ ಇಲ್ಫೋರ್ಡ್ ಎಚ್‌ಪಿ5 ಪ್ಲಸ್. ಅವಧಿ ಮುಗಿದ ರೋಲ್ ಅಗ್ಗಕ್ಕೆ ಸಿಕ್ಕಿತೆಂದು ಮೊದಲ ಸಲವೇ ಹಾಕಬೇಡಿ. ಫೋಟೊ ಕೆಟ್ಟರೆ ತಪ್ಪು ಫಿಲ್ಮಿನದೋ ಕ್ಯಾಮೆರಾದ್ದೋ ಗೊತ್ತಾಗುವುದೇ ಇಲ್ಲ.

ಇನ್ನೊಂದು ಎಚ್ಚರ. ಸಿನಿಮಾ ಫಿಲ್ಮನ್ನು ಕತ್ತರಿಸಿ ಸಣ್ಣ ಡಬ್ಬಿಗೆ ಸುತ್ತಿ ಮಾರುವುದುಂಟು. ಅದರಲ್ಲಿ ಕೆಲವಕ್ಕೆ ಬೆನ್ನ ಮೇಲೆ ರೆಮ್‌ಜೆಟ್ ಎಂಬ ಕರಿ ಪದರ ಇರುತ್ತದೆ. ಮಾಮೂಲಿ ಕಲರ್ ಯಂತ್ರಕ್ಕೆ ಹಾಕಿದರೆ ಆ ಮಸಿ ರಾಸಾಯನಿಕದಲ್ಲಿ ಕಲೆತು ಬೇರೆಯವರ ರೋಲೂ ಕೆಡುತ್ತದೆ. ಕೊಳ್ಳುವಾಗಲೇ ಇದು ಮಾಮೂಲಿ ಕಲರ್ ರೋಲ್ ತೊಳೆಯುವ ಸಿ-41 ವಿಧಾನದ್ದೇ ಎಂದು ಕೇಳಿ ತಿಳಿಯಿರಿ.

ಹಾಕುವುದು ಸುಲಭ. ನೆರಳಿನಲ್ಲಿ ನಿಂತು ಬಾಗಿಲು ತೆರೆಯಿರಿ. ಡಬ್ಬಿಯನ್ನು ಅದರ ಗೂಡಿನಲ್ಲಿ ಕೂರಿಸಿ, ಫಿಲ್ಮಿನ ನಾಲಿಗೆಯನ್ನು ಎದುರು ಬದಿಯ ಕೆಂಪು ಅಥವಾ ಕಿತ್ತಳೆ ಗುರುತಿನವರೆಗೆ ಮಾತ್ರ ಎಳೆಯಿರಿ. ಜಾಸ್ತಿ ಎಳೆದಿದ್ದರೆ ಡಬ್ಬಿ ಹೊರತೆಗೆದು, ಅದರ ನಡುವಿನ ಗುಂಡಿ ತಿರುಗಿಸಿ ಹೆಚ್ಚಾದದ್ದನ್ನು ಒಳಕ್ಕೆ ಕಳಿಸಿ. ಫಿಲ್ಮ್ ಸಡಿಲವಾಗಿ ಉಬ್ಬಿದ್ದರೆ ಹಲ್ಲುಗಳು ತೂತಿಗೆ ಸಿಗುವುದಿಲ್ಲ. ಸಪಾಟಾಗಿದೆ ಎಂದು ನೋಡಿ ಬಾಗಿಲು ಮುಚ್ಚಿದರೆ ಮೋಟಾರು ತಾನೇ ಸುತ್ತಿಕೊಳ್ಳುತ್ತದೆ. ಅಂಕಿ ತೋರಿಸುವ ಪುಟ್ಟ ಪರದೆಯಲ್ಲಿ ಡಬ್ಬಿಯ ಚಿತ್ರವೋ ಇ ಅಕ್ಷರವೋ ಮಿನುಗಿದರೆ ಫಿಲ್ಮ್ ಸಿಕ್ಕಿಲ್ಲ ಎಂದರ್ಥ, ತೆರೆದು ಮತ್ತೆ ಹಾಕಿ.

ಇಒಎಸ್ 300ರಂಥ ಕ್ಯಾಮೆರಾ ಮೊದಲೇ ಇಡೀ ಫಿಲ್ಮನ್ನು ಹೊರಕ್ಕೆ ಸುತ್ತಿಕೊಂಡು, ತೆಗೆದ ಒಂದೊಂದು ಫೋಟೊವನ್ನೂ ಡಬ್ಬಿಯೊಳಕ್ಕೆ ಕಳಿಸುತ್ತ ಬರುತ್ತದೆ. ಹಾಗಾಗಿ ಅದರ ಲೆಕ್ಕ 36ರಿಂದ ಕೆಳಗಿಳಿಯುತ್ತದೆ. ಮಧ್ಯೆ ಯಾರೋ ಮಗು ಬಾಗಿಲು ತೆರೆದುಬಿಟ್ಟರೂ ತೆಗೆದವೆಲ್ಲ ಡಬ್ಬಿಯೊಳಗೆ ಕ್ಷೇಮ. ಜಾಣ ಏರ್ಪಾಡು.

ಡಬ್ಬಿಯ ಮೈಮೇಲಿನ ಬೆಳ್ಳಿ, ಕಪ್ಪು ಚೌಕಗಳಿಗೆ ಡಿಎಕ್ಸ್ ಕೋಡ್ ಎನ್ನುತ್ತಾರೆ. ಕ್ಯಾಮೆರಾ ಇದನ್ನು ಮುಟ್ಟಿ ನೋಡಿಯೇ ವೇಗ ತಿಳಿಯುತ್ತದೆ. ಕೋಡ್ ಇಲ್ಲದ ಡಬ್ಬಿಯಾದರೆ ಎಷ್ಟೋ ಮಾದರಿಗಳು ತಾವಾಗಿ 100 ಎಂದುಕೊಳ್ಳುತ್ತವೆ, ಆಗ ವೇಗವನ್ನು ಕೈಯಲ್ಲೇ ಹೊಂದಿಸಬೇಕು.

ಬೆಳಕಿನ ಲೆಕ್ಕ

ಕೋಲಾರದ ಕಡೆಯ ಟೊಮೆಟೊ ತೋಟದಲ್ಲಿ ಬೋರ್‌ವೆಲ್ ನೀರು ಬಿಡುವುದನ್ನು ನೆನೆಸಿಕೊಳ್ಳಿ. ಗೇಟ್‌ವಾಲ್ವ್ ಪೂರ್ತಿ ತಿರುಗಿಸಿದರೆ ಸ್ವಲ್ಪ ಹೊತ್ತು ಸಾಕು, ಅರ್ಧ ತಿರುಗಿಸಿದರೆ ಅದೇ ಮಡಿಗೆ ದುಪ್ಪಟ್ಟು ಹೊತ್ತು ಬೇಕು. ಫಿಲ್ಮಿಗೆ ಬೆಳಕು ಬಿಡುವುದೂ ಹೀಗೆಯೇ. ಲೆನ್ಸಿನೊಳಗಿನ ಕಿಂಡಿ ಅಪರ್ಚರ್, ಪರದೆ ತೆರೆದಿರುವ ಹೊತ್ತು ಶಟರ್ ಸ್ಪೀಡ್.

ಅಪರ್ಚರಿನ ಸಂಖ್ಯೆಗಳು 4, 5.6, 8, 11, 16 ಎಂದು ಏರುತ್ತ ಹೋದಂತೆ ಕಿಂಡಿ ಕಿರಿದಾಗುತ್ತದೆ, ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧವಾಗುತ್ತದೆ. ಈ ಮೆಟ್ಟಿಲಿಗೆ ಸ್ಟಾಪ್ ಎನ್ನುತ್ತಾರೆ. ಶಟರಿನಲ್ಲಿ 1/125ರಿಂದ 1/250ಕ್ಕೆ ಹೋದರೂ ಒಂದು ಸ್ಟಾಪ್ ಕಡಿಮೆ. ಹಳಬರ ಒಂದು ಸೂತ್ರವಿದೆ: ನೆತ್ತಿಯ ಬಿಸಿಲಿನಲ್ಲಿ ಅಪರ್ಚರ್ 16 ಇಟ್ಟರೆ ಶಟರ್ ಸ್ಪೀಡ್ ಫಿಲ್ಮಿನ ವೇಗದ ಹತ್ತಿರ ಇರಬೇಕು. 200ರ ಫಿಲ್ಮಿಗೆ ಹತ್ತಿರದ್ದು 1/250. ಅದನ್ನೇ 11ರಲ್ಲಿ 1/500, 8ರಲ್ಲಿ 1/1000 ಎಂದರೂ ಫಿಲ್ಮಿಗೆ ಬೀಳುವ ಬೆಳಕು ಒಂದೇ. ಮಧುಗಿರಿ ಬೆಟ್ಟದ ಕೋಟೆಯನ್ನು ಮಧ್ಯಾಹ್ನ ತೆಗೆಯುವಾಗ ಕ್ಯಾಮೆರಾ ಇದಕ್ಕಿಂತ ತೀರಾ ಬೇರೆ ಅಂಕಿ ತೋರಿಸಿದರೆ ಮೀಟರನ್ನೋ, ಐಎಸ್‌ಒ ಅಂಕಿಯನ್ನೋ ಅನುಮಾನಿಸಬಹುದು.

ಲೆಕ್ಕ ಒಂದೇ ಆದರೂ ಚಿತ್ರ ಒಂದೇ ಆಗುವುದಿಲ್ಲ. ಕಿಂಡಿ ಕಿರಿದಾದರೆ ಹತ್ತಿರದ್ದು, ದೂರದ್ದು ಎರಡೂ ಸ್ಪಷ್ಟ. ಅಗಲವಾದರೆ ಫೋಕಸ್ ಮಾಡಿದ್ದು ಮಾತ್ರ ಸ್ಪಷ್ಟ, ಹಿಂದಿನದು ಮಸುಕು. ಶಟರ್ ಬೇಗವಾದರೆ ಓಡುವ ಹೋರಿ ನಿಂತಂತೆ ಬರುತ್ತದೆ, ನಿಧಾನವಾದರೆ ಹೋರಿಯ ಜೊತೆಗೆ ಕೈಯ ನಡುಕವೂ ಬರುತ್ತದೆ. ಕೈಯಲ್ಲಿ ಹಿಡಿದು ತೆಗೆಯುವಾಗ ಲೆನ್ಸಿನ ನಾಭಿದೂರ (ಫೋಕಲ್ ಲೆಂತ್) 80 ಮಿ.ಮೀ. ಇದ್ದರೆ 1/90ಕ್ಕಿಂತ ನಿಧಾನ ಬೇಡ, 28 ಮಿ.ಮೀ. ಇದ್ದರೆ 1/30ರವರೆಗೂ ಇಳಿಯಬಹುದು.

ಮೀಟರ್ ಎಲ್ಲಿ ಮೋಸಹೋಗುತ್ತದೆ

ಕ್ಯಾಮೆರಾದ ಮೀಟರಿಗೆ ಎದುರಿಗಿರುವುದು ಏನೆಂದು ಗೊತ್ತಿಲ್ಲ. ಜಗತ್ತನ್ನೆಲ್ಲ ಸರಾಸರಿ ಮಾಡಿದರೆ ನಡುವಣ ಬೂದು ಬಣ್ಣ ಬರುತ್ತದೆ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ಹಸಿರು ಹೊಲ, ಮಣ್ಣಿನ ರಸ್ತೆ, ಜನಜಂಗುಳಿ ಇರುವ ಸಂತೆ, ಇಲ್ಲೆಲ್ಲ ಆ ನಂಬಿಕೆ ಸರಿಯೇ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗಿ, ರಾಶಿ ಹಾಕಿದ ಬಿಳಿ ದ್ವಿತಳಿ ರೇಷ್ಮೆಗೂಡನ್ನು ಚೌಕಟ್ಟಿನ ತುಂಬ ಇಟ್ಟುಕೊಂಡು ತೆಗೆದು ನೋಡಿ. ಇಷ್ಟು ಬೆಳಕೇ ಎಂದು ಕ್ಯಾಮೆರಾ ಹೆದರಿ ಬೆಳಕನ್ನು ಕಡಿಮೆ ಮಾಡುತ್ತದೆ, ಬಿಳಿ ಗೂಡು ಬೂದಿ ಬಣ್ಣಕ್ಕೆ ತಿರುಗುತ್ತದೆ. ನಂದಿಬೆಟ್ಟದ ಬೆಳಗಿನ ಮಂಜು, ಕೆಜಿಎಫ್‌ನ ಸೈನೈಡ್ ಗುಡ್ಡದ ಬಿಳಿಚು ಮಣ್ಣು, ಇವಕ್ಕೂ ಅದೇ ಗತಿ. ಭೋಗನಂದೀಶ್ವರದ ಕಲ್ಲಿನ ಮಂಟಪದ ನೆರಳಿನಲ್ಲಿ ಇದಕ್ಕೆ ತಿರುವು: ಕತ್ತಲೆಯನ್ನು ಕಂಡು ಹೆಚ್ಚು ಬೆಳಕು ಬಿಡುತ್ತದೆ, ಕರಿಕಲ್ಲು ಬೂದಿಯಾಗುತ್ತದೆ, ಆಚೆಗಿನ ಬಿಸಿಲಿನ ಅಂಗಳ ಬಿಳಿಯಾಗಿ ಕಳೆದುಹೋಗುತ್ತದೆ.

ಇದಕ್ಕೆ ಮದ್ದು ಎಕ್ಸ್‌ಪೋಷರ್ ಕಾಂಪೆನ್ಸೇಷನ್, ಕೂಡು ಕಳೆ ಚಿಹ್ನೆಯ ಬಟನ್. ಬಿಳಿಯ ರಾಶಿಗೆ, ಮಂಜಿಗೆ ಕೂಡು 1ರಿಂದ 1.5 ಸ್ಟಾಪ್. ಬೆನ್ನ ಹಿಂದೆ ಬೆಳಗುವ ಆಕಾಶವಿದ್ದು ಮುಖ ನೆರಳಿನಲ್ಲಿದ್ದರೆ ಕೂಡು 1.5. ತೆಗೆದ ಮೇಲೆ ಸೊನ್ನೆಗೆ ತರಲು ಮರೆಯುವುದೇ ಇದರಲ್ಲಿ ಹೆಚ್ಚು ಆಗುವ ಎಡವಟ್ಟು.

ಇನ್ನೊಂದು ಉಪಾಯ ಎಇ ಲಾಕ್: ಕ್ಯಾನನ್‌ನಲ್ಲಿ ನಕ್ಷತ್ರದ ಗುರುತಿನ ಬಟನ್, ನಿಕಾನ್‌ನಲ್ಲಿ ಎಇ-ಎಲ್. ಅದೇ ಬಿಸಿಲಿನಲ್ಲಿರುವ ಹಸಿರು ಹುಲ್ಲಿನ ಮೇಲೆ ಅಳತೆ ಹಿಡಿದು, ಬಟನ್ ಒತ್ತಿ ಕಟ್ಟಿಹಾಕಿ, ಆಮೇಲೆ ಬೇಕಾದ್ದರ ಕಡೆ ತಿರುಗಿ. ಬಿಸಿಲಿನ ಹುಲ್ಲು ಹೆಚ್ಚುಕಡಿಮೆ ಆ ನಡುವಣ ಬೂದಿನಷ್ಟೇ ಬೆಳಕು ಹೊಮ್ಮಿಸುತ್ತದೆ.

ಎಷ್ಟು ತಪ್ಪಿದರೆ ನಡೆಯುತ್ತದೆ? ಕಲರ್ ನೆಗೆಟಿವ್ ಫಿಲ್ಮ್ ಎರಡು ಸ್ಟಾಪ್ ಹೆಚ್ಚಾದರೂ ಸಹಿಸಿಕೊಳ್ಳುತ್ತದೆ. ಒಂದು ಸ್ಟಾಪ್ ಕಡಿಮೆಯಾದರೇ ನೆರಳು ಕೆಸರಿನಂತಾಗಿ ಕಾಳುಕಾಳಾಗಿ ಕಾಣುತ್ತದೆ. ಆದ್ದರಿಂದ ಅನುಮಾನ ಬಂದರೆ ಬೆಳಕನ್ನು ಹೆಚ್ಚೇ ಕೊಡಿ. ಡಿಜಿಟಲ್‌ನಲ್ಲಿ ಕಲಿತು ಬಂದವರಿಗೆ ಇದು ಉಲ್ಟಾ ಅನ್ನಿಸುತ್ತದೆ. ನೆಗೆಟಿವ್ ಬದಲು ನೇರ ಚಿತ್ರವೇ ಮೂಡುವ ಸ್ಲೈಡ್ ಫಿಲ್ಮ್ ಮಾತ್ರ ಹೆಚ್ಚು ಬೆಳಕನ್ನು ಕ್ಷಮಿಸುವುದಿಲ್ಲ, ಕಲಿಯುವವರಿಗೆ ಅದು ಬೇಡ.

ಡಯಲ್ ಮೇಲಿನ ಅಕ್ಷರಗಳು

ಹಸಿರು ಗುರುತಿನ ಪೂರ್ತಿ ಆಟೋದಲ್ಲಿ ಕಾಂಪೆನ್ಸೇಷನ್ ಕೆಲಸ ಮಾಡುವುದಿಲ್ಲ, ಫ್ಲಾಶ್ ಕೂಡ ಕೇಳದೆಯೇ ಮೇಲೇಳುತ್ತದೆ. ಮುಖ, ಬೆಟ್ಟ, ಹೂವು, ಓಡುವವನ ಚಿತ್ರಗಳ ಮೋಡ್‌ಗಳಲ್ಲೂ ಹೆಚ್ಚಿನದೆಲ್ಲ ಕ್ಯಾಮೆರಾದ ಕೈಯಲ್ಲೇ. ಅವನ್ನೆಲ್ಲ ಬಿಟ್ಟು ಪಿ ಅಕ್ಷರದಿಂದ ಶುರು ಮಾಡುವುದು ಸರಿಯಾದ ದಾರಿ. ಪಿ ಕೂಡ ಎರಡೂ ಅಂಕಿಗಳನ್ನು ತಾನೇ ಇಡುತ್ತದೆ, ಆದರೆ ಚಕ್ರ ತಿರುಗಿಸಿದರೆ ಬೆಳಕಿನ ಮೊತ್ತ ಕೆಡದಂತೆ ಜೋಡಿ ಬದಲಾಗುತ್ತದೆ. 8ರಲ್ಲಿ 1/250 ತೋರಿಸುತ್ತಿದ್ದದ್ದು 5.6ರಲ್ಲಿ 1/500 ಆಗುತ್ತದೆ. ಕಣ್ಣಿಟ್ಟು ನೋಡುವ ವ್ಯೂಫೈಂಡರಿನ ಕೆಳಗೆ ಈ ಎರಡು ಅಂಕಿಗಳನ್ನು ಪ್ರತಿ ಸಲ ಓದುವ ಅಭ್ಯಾಸವಾದರೆ ಅರ್ಧ ಕಲಿತಂತೆ.

ಅಪರ್ಚರ್ ನಾವು ಇಟ್ಟು ಶಟರ್ ಅದಕ್ಕೆ ಬಿಡುವುದು ಕ್ಯಾನನ್‌ನಲ್ಲಿ ಎವಿ, ನಿಕಾನ್‌ನಲ್ಲಿ ಎ. ಶಟರ್ ನಾವು ಇಡುವುದು ಟಿವಿ ಅಥವಾ ಎಸ್. ಎರಡನೇ ರೋಲಿನಿಂದ ಹೆಚ್ಚು ಹೊತ್ತು ಎವಿಯಲ್ಲೇ ಇದ್ದರೆ ಸಾಕು. ಟಿವಿ ಬೇಕಾಗುವುದು ಸಿದ್ಧಗಂಗೆಯ ದನಗಳ ಜಾತ್ರೆಯಂಥ ಓಡಾಟದ ಜಾಗದಲ್ಲಿ, 1/500 ಇಟ್ಟುಕೊಳ್ಳಲು. ಅಂಕಿ ಮಿನುಗಿದರೆ ಬೆಳಕು ಸಾಲದು ಅಥವಾ ಜಾಸ್ತಿಯಾಯಿತು ಎಂದು ಕ್ಯಾಮೆರಾ ಹೇಳುತ್ತಿದೆ. ಅದನ್ನು ಕಡೆಗಣಿಸಿ ಒತ್ತಿದರೆ ರೋಲ್ ದಂಡ. ಎಂ ಎಂಬುದು ಪೂರ್ತಿ ಕೈಲೆಕ್ಕ, ಅದಕ್ಕೆ ಅವಸರವಿಲ್ಲ.

ಫೋಕಸ್

ಬಟನ್ ಅರ್ಧ ಒತ್ತಿದರೆ ಲೆನ್ಸ್ ಗುರ್ ಎಂದು ತಿರುಗಿ ನಿಲ್ಲುತ್ತದೆ, ವ್ಯೂಫೈಂಡರಿನಲ್ಲಿ ಹಸಿರು ಚುಕ್ಕೆ ಹೊತ್ತಿಕೊಳ್ಳುತ್ತದೆ. ಹಲವು ಫೋಕಸ್ ಬಿಂದುಗಳಿದ್ದರೆ ಕ್ಯಾಮೆರಾ ಸಾಮಾನ್ಯವಾಗಿ ತನಗೆ ಹತ್ತಿರವಿರುವುದನ್ನು ಹಿಡಿಯುತ್ತದೆ. ಆದ್ದರಿಂದ ನಡುವಿನ ಬಿಂದು ಒಂದನ್ನೇ ಆರಿಸಿಕೊಂಡು, ಅದನ್ನು ಕಣ್ಣಿನ ಮೇಲಿಟ್ಟು ಅರ್ಧ ಒತ್ತಿ, ಬೆರಳು ಸಡಿಲಿಸದೆ ಚೌಕಟ್ಟು ಸರಿಸಿ ಪೂರ್ತಿ ಒತ್ತಿ. ಸುಣ್ಣ ಬಳಿದ ಗೋಡೆ, ಮಂಜು, ಕತ್ತಲು, ಕಬ್ಬಿಣದ ಜಾಲರಿಯ ಆಚೆಗಿನ ವಸ್ತು, ಇಲ್ಲೆಲ್ಲ ಅದು ಹಿಂದೆ ಮುಂದೆ ತಡಕಾಡುತ್ತದೆ. ಅಷ್ಟೇ ದೂರದಲ್ಲಿರುವ ಗೆರೆಯುಳ್ಳ ಬೇರೇನಾದರೂ ಹಿಡಿದುಕೊಳ್ಳಿ, ಇಲ್ಲವೇ ಲೆನ್ಸ್ ಪಕ್ಕದ ಗುಂಡಿಯನ್ನು ಎಂಎಫ್‌ಗೆ ತಳ್ಳಿ ಕೈಯಲ್ಲಿ ತಿರುಗಿಸಿ.

ಫ್ಲಾಶ್ ಮತ್ತು ಒಳಾಂಗಣ

ಮೇಲೇಳುವ ಪುಟ್ಟ ಫ್ಲಾಶಿನ ಶಕ್ತಿಯನ್ನು ಗೈಡ್ ನಂಬರ್ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಐಎಸ್‌ಒ 100ಕ್ಕೆ ಅದು ಹೆಚ್ಚುಕಡಿಮೆ 12. ಅದನ್ನು ಅಪರ್ಚರಿನಿಂದ ಭಾಗಿಸಿದರೆ ಫ್ಲಾಶ್ ತಲುಪುವ ದೂರ ಮೀಟರಿನಲ್ಲಿ ಬರುತ್ತದೆ. 200ರ ಫಿಲ್ಮಿಗೆ 12 ಸುಮಾರು 17 ಆಗುತ್ತದೆ, 5.6ರಿಂದ ಭಾಗಿಸಿದರೆ 3 ಮೀಟರ್. ಅಂದರೆ ನಂದಿಬೆಟ್ಟದ ತುದಿಯಲ್ಲಿ ನಿಂತು ಮುಸ್ಸಂಜೆಯ ಕಣಿವೆಗೆ ಫ್ಲಾಶ್ ಹೊಡೆದರೆ ಬೆಳಗುವುದು ಎದುರಿನ ಕಂಬಿ ಮಾತ್ರ. ಹಸಿರು ಮೋಡ್ ಇದನ್ನೇ ಮಾಡುತ್ತದೆ, ಅದೂ ಶಟರನ್ನು ಬೇಗದ ವೇಗಕ್ಕೆ ಕಟ್ಟಿಹಾಕಿ, ಕಣಿವೆಯನ್ನು ಕಪ್ಪಾಗಿಸಿ. ಫ್ಲಾಶ್ ನಿಜಕ್ಕೂ ಉಪಯೋಗಕ್ಕೆ ಬರುವುದು ಮಟಮಟ ಮಧ್ಯಾಹ್ನ, ಎರಡು ಮೀಟರ್ ದೂರದ ಮುಖದ ಮೇಲಿನ ಟೋಪಿಯ ನೆರಳನ್ನು ತುಂಬಲು. ಫ್ಲಾಶ್ ಇದ್ದಾಗ ಶಟರಿಗೆ ಒಂದು ಮಿತಿಯುಂಟು: ಇಒಎಸ್ 300ರಲ್ಲಿ 1/90, ಎಫ್80ರಲ್ಲಿ 1/125.

ಟ್ಯೂಬ್‌ಲೈಟಿನ ಕಲ್ಯಾಣಮಂಟಪದಲ್ಲಿ 400ರ ಫಿಲ್ಮ್ ಇದ್ದರೂ 5.6ರವರೆಗೆ ಮಾತ್ರ ತೆರೆಯುವ ಜೂಮ್ ಲೆನ್ಸಿಗೆ 1/15ರ ಆಸುಪಾಸು ಬೇಕಾಗುತ್ತದೆ, ಕೈ ನಡುಗದೇ ಇರದು. ಅಲ್ಲಿಗೆ 50 ಮಿ.ಮೀ. 1.8ರ ಲೆನ್ಸ್ ಹಾಕಿ 2ಕ್ಕೆ ತೆರೆದರೆ 1/125ರ ಹತ್ತಿರ ಹೋಗಬಹುದು. ಎರಡನೇ ಲೆನ್ಸ್ ಕೊಳ್ಳುವುದಾದರೆ ಇದೇ.

ರೋಲ್ ಮುಗಿದ ಮೇಲೆ

ಕೊನೆಯ ಫೋಟೊ ಆದಕೂಡಲೇ ಮೋಟಾರು ತಾನೇ ಹಿಂದಕ್ಕೆ ಸುತ್ತುತ್ತದೆ. ಸದ್ದು ನಿಲ್ಲುವ ತನಕ ಬಾಗಿಲು ಮುಟ್ಟಬಾರದು. ಬ್ಯಾಟರಿ ಅರೆಜೀವವಾಗಿದ್ದರೆ ಮಧ್ಯದಲ್ಲೇ ನಿಲ್ಲುವುದೂ ಉಂಟು, ಹೊಸ ಬ್ಯಾಟರಿ ಹಾಕಿ ರಿವೈಂಡ್ ಬಟನ್ ಒತ್ತಿ. ಅಂತರಗಂಗೆಯಲ್ಲಾಗಲಿ ನಂದಿಬೆಟ್ಟದಲ್ಲಾಗಲಿ ರೋಲ್ ಬದಲಿಸುವಾಗ ಕೋತಿಗಳ ಮೇಲೆ ಒಂದು ಕಣ್ಣಿರಲಿ, ಪ್ಲಾಸ್ಟಿಕ್ ಡಬ್ಬಿಯ ಸದ್ದು ಅವಕ್ಕೆ ತಿಂಡಿಯ ಸದ್ದು.

ಬಿಸಿಲಲ್ಲಿ ನಿಂತ ಕಾರಿನೊಳಗೆ ರೋಲ್ ಬಿಡಬೇಡಿ. ಫ್ರಿಜ್ಜಿನಲ್ಲಿಟ್ಟದ್ದನ್ನು ಹೊರತೆಗೆದು ಒಂದೆರಡು ಗಂಟೆ ಬಿಟ್ಟು ಡಬ್ಬಿ ತೆರೆಯಿರಿ, ಇಲ್ಲದಿದ್ದರೆ ಫಿಲ್ಮಿನ ಮೇಲೆ ಹನಿ ಕಟ್ಟುತ್ತದೆ. ವಿಮಾನದಲ್ಲಿ ಹೋಗುವುದಿದ್ದರೆ ಲಗೇಜಿಗೆ ಹಾಕಲೇಬಾರದು, ಕೈಚೀಲದಲ್ಲಿಟ್ಟು ಕೈಯಲ್ಲೇ ಪರೀಕ್ಷಿಸುವಂತೆ ಕೇಳಬೇಕು. ಹೊಸ ಸಿಟಿ ಸ್ಕ್ಯಾನರ್‌ಗಳು ಒಂದೇ ಸಲಕ್ಕೆ ಫಿಲ್ಮನ್ನು ಮಂಜಾಗಿಸಬಲ್ಲವು.

ಹತ್ತಿರದ ಸ್ಟುಡಿಯೋದಲ್ಲಿ ಕೇಳಿ, ಆಗದಿದ್ದರೆ ಬೆಂಗಳೂರಿನ ಲ್ಯಾಬಿಗೆ ಕೊರಿಯರ್ ಮಾಡಿ. ಕಲರ್ ನೆಗೆಟಿವ್ ತೊಳೆಯುವ ಸಿ-41 ವಿಧಾನದಲ್ಲಿ ಡೆವಲಪರ್ 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ನಿಮಿಷ 15 ಸೆಕೆಂಡ್ ಇರಬೇಕು. ಶಾಖ ಅರ್ಧ ಡಿಗ್ರಿ ಏರುಪೇರಾದರೂ ಬಣ್ಣ ವಾಲುತ್ತದೆ, ಆದ್ದರಿಂದ ಮನೆಯಲ್ಲಿ ಮೊದಲು ಪ್ರಯತ್ನಿಸುವುದಾದರೆ ಕಪ್ಪು ಬಿಳುಪು. ಎಚ್‌ಪಿ5ಗೆ ಡಿ-76 ದ್ರಾವಣ ನೀರು ಬೆರೆಸದೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಬೇಸಿಗೆಯಲ್ಲಿ ನಮ್ಮ ತೊಟ್ಟಿಯ ನೀರು ಅದಕ್ಕಿಂತ ಎಷ್ಟೋ ಬಿಸಿ ಇರುತ್ತದೆ, ಐಸ್ ಇಟ್ಟ ಬೋಗುಣಿಯಲ್ಲಿ ದ್ರಾವಣದ ಬಾಟಲಿ ನಿಲ್ಲಿಸಿ ತಣಿಸಿಕೊಳ್ಳಬೇಕು.

ನೆಗೆಟಿವ್ ಓದುವುದು

ಸ್ಕ್ಯಾನ್ ಜೊತೆ ನೆಗೆಟಿವನ್ನೂ ವಾಪಸ್ ಕೇಳಿ ಪಡೆಯಿರಿ. ಸ್ಕ್ಯಾನರು ಬೆಳಕಿನ ತಪ್ಪನ್ನು ತಾನೇ ತಿದ್ದಿ ಮುಚ್ಚಿಬಿಡುತ್ತದೆ, ನೆಗೆಟಿವ್ ಮುಚ್ಚುವುದಿಲ್ಲ. ಕಿಟಕಿಗೆ ಹಿಡಿದು ನೋಡಿದಾಗ ಚಿತ್ರ ತೆಳ್ಳಗೆ, ನೆರಳಿನ ಜಾಗ ಬರೀ ಪಾರದರ್ಶಕವಾಗಿದ್ದರೆ ಬೆಳಕು ಸಾಲಲಿಲ್ಲ. ತೀರಾ ದಟ್ಟವಾಗಿದ್ದರೆ ಹೆಚ್ಚಾಯಿತು.

ಇಡೀ ರೋಲ್ ಖಾಲಿ ಬಂದರೆ ಅಂಚಿನಲ್ಲಿ ಅಚ್ಚಾದ ಫಿಲ್ಮಿನ ಹೆಸರು, ಸಂಖ್ಯೆಗಳನ್ನು ನೋಡಿ. ಅವು ಕಾಣುತ್ತಿದ್ದರೆ ತೊಳೆದದ್ದು ಸರಿಯಿದೆ, ಫಿಲ್ಮ್ ಹಲ್ಲಿಗೆ ಸಿಗದೆ ಮುಂದೆ ಹೋಗಿಲ್ಲ ಅಥವಾ ಶಟರ್ ತೆರೆದಿಲ್ಲ. ಅಂಚಿನ ಅಕ್ಷರವೂ ಇಲ್ಲದಿದ್ದರೆ ತಪ್ಪು ಲ್ಯಾಬಿನ ರಾಸಾಯನಿಕದಲ್ಲಿ. ಉದ್ದಕ್ಕೂ ಕಪ್ಪಾಗಿದ್ದರೆ ಬಾಗಿಲು ತೆರೆದು ಬೆಳಕು ತಾಗಿದೆ. ಒಂದೇ ಅಂಚಿನಲ್ಲಿ ಹಲವು ಚೌಕಟ್ಟಿಗೆ ಒಂದೇ ಜಾಗದಲ್ಲಿ ಕಪ್ಪು ಗೆರೆ ಬಂದಿದ್ದರೆ (ಪ್ರಿಂಟಿನಲ್ಲಿ ಅದು ಕೆಂಪು, ಕಿತ್ತಳೆ ಬಣ್ಣದ ಕಲೆಯಾಗಿ ಕಾಣುತ್ತದೆ) ಬಾಗಿಲಿನ ಸಂದಿಯಿಂದ ಬೆಳಕು ನುಗ್ಗುತ್ತಿದೆ. ಫ್ಲಾಶ್ ಹಾಕಿದ ಫೋಟೊದಲ್ಲಿ ಮಾತ್ರ ಒಂದು ಪಟ್ಟಿ ಕಪ್ಪಾಗಿದ್ದರೆ ಶಟರ್ ತನ್ನ ಮಿತಿ ದಾಟಿತ್ತು, ಫ್ಲಾಶ್ ಇಲ್ಲದವುಗಳಲ್ಲೂ ಹಾಗೇ ಇದ್ದರೆ ಪರದೆಯೇ ತೊಡರುತ್ತಿದೆ.

ಇದನ್ನೆಲ್ಲ ಹೊಂದಿಸಿ ನೋಡಲು ಮೊದಲ ರೋಲಿಗೆ ಒಂದು ಚೀಟಿ ಇಟ್ಟುಕೊಳ್ಳಿ: ಚೌಕಟ್ಟಿನ ಸಂಖ್ಯೆ, ಅಪರ್ಚರ್, ಶಟರ್, ಕಾಂಪೆನ್ಸೇಷನ್. ಒಂದೇ ಬಿಳಿ ಗೋಡೆಯನ್ನು ಸೊನ್ನೆಯಲ್ಲಿ, ಕೂಡು 1ರಲ್ಲಿ, ಕೂಡು 2ರಲ್ಲಿ ತೆಗೆಯಿರಿ. ಒಬ್ಬರನ್ನೇ ಒಂದೇ ಕಡೆ ಕೂರಿಸಿ 5.6ರಲ್ಲೊಂದು, 16ರಲ್ಲೊಂದು. ಐದಾರು ಚೌಕಟ್ಟು ಇದಕ್ಕೆ ಹೋದರೆ ಹೋಗಲಿ. ನೆಗೆಟಿವ್ ಬಂದಾಗ ಆರಾರು ಚಿತ್ರದ ತುಂಡುಗಳನ್ನು ಅಂಚು ಹಿಡಿದೇ ಎತ್ತಿ, ಚೀಟಿಯ ಪಕ್ಕ ಇಟ್ಟು ಹೋಲಿಸಿ, ಆಮೇಲೆ ಚೀಟಿಯ ಸಮೇತ ಒಣಗಿದ ಜಾಗದಲ್ಲಿ ಎತ್ತಿಡಿ.